ದಲಾಲಿ ದಾನಕ್ಕನೂ ಗಿರಣಿಯ ಚಿಮಣಿಯೂ

ವ್ಯವಹಾರ ಇಷ್ಟು: ಒಂದು ಕಡೆ ಹತ್ತಿ ಗಿರಣಿಯ ಚಿಮಣಿಯ ತುದಿ, ಇನ್ನೊಂದು ಕಡೆ ಒಂದು ವರ್ಷದ ಮರ್ಯಾದೆಯ ಮಾತು. ಮಾತು ನಿಂತರೆ ತುದಿ ಉಳಿಯುತ್ತದೆ, ಮಾತು ಕೆಟ್ಟರೆ ತುದಿ ಹೋಗುತ್ತದೆ. ಕಾಗದ ಇಲ್ಲ, ಸಾಕ್ಷಿ ಇಲ್ಲ. ಎಲೆ ಅಡಿಕೆ ಕೈಯಲ್ಲಿ ಹಿಡಿದು ಆಡಿದ ಬಾಯಿಮಾತು, ಅಷ್ಟೇ.

ಬಲು ಹಿಂದೆ ಒಂದೂರಲ್ಲಿ ದಾನಮ್ಮ ಅಂತ ಒಬ್ಬಳು ಮೆಣಸಿನಕಾಯಿ ದಲಾಲಿ ಇದ್ದಳು. ಎಷ್ಟು ಹಿಂದೆ ಅಂತ ಕೇಳಿದರೆ, ಎಲ್ಲರ ಕೈಗೂ ಮೊಬೈಲು ಬಂದಿತ್ತು, ಆದರೆ ಕೆಲವರ ತಲೆಯಿಂದ ರೇಡಿಯೋ ಇಳಿದಿರಲಿಲ್ಲ, ಅಷ್ಟು ಹಿಂದೆ. ಪೇಟೆಯವರು ಅವಳನ್ನು ದಾನಕ್ಕ ಅನ್ನುತ್ತಿದ್ದರು. ಒಂದು ಕಿವಿಯಲ್ಲಿ ಹರಾಜು ಕೇಳುತ್ತ ಇನ್ನೊಂದರಲ್ಲಿ ರೇಡಿಯೋ ಕೇಳುತ್ತಿದ್ದಳು ಅಂತಾರೆ. ಚೀಲದ ಬಾಯಿ ಬಿಚ್ಚುವ ಮೊದಲೇ ಒಳಗಿನ ಕಾಯಿ ಹಸಿಯೋ ಒಣಗಿದ್ದೋ ಹೇಳುತ್ತಿದ್ದಳು ಅಂತಾರೆ. ನಂಬುವವರು ನಂಬಲಿ. ದಾನಕ್ಕ ಮಾತ್ರ ಚೀಲದ ತಳಕ್ಕೆ ಕೈ ಹಾಕದೆ ಯಾವತ್ತೂ ಕಾಯಿ ಕೊಂಡವಳಲ್ಲ.

ಅವಳ ರೇಡಿಯೋ ಹಾಡು ಕೇಳುವ ರೇಡಿಯೋ ಅಲ್ಲ. ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಕೈಯಲ್ಲೊಂದು ಸೆಟ್ಟು ಹಿಡಿದು ಗಾಳಿಯಲ್ಲಿ ಮಾತಾಡುವ ಹವ್ಯಾಸ ಅದು. ಆಚೆಯವನು ಮಾತು ಮುಗಿಸಿ ‘ಓವರ್’ ಅನ್ನುವ ತನಕ ಈಚೆಯವನು ಬಾಯಿ ತೆರೆಯುವಂತಿಲ್ಲ. ಆ ಸೀಮೆಯಲ್ಲಿ ಇಂಥ ಹುಚ್ಚು ಹಿಡಿದವರು ಸಾಕಷ್ಟು ಜನ ಇದ್ದರು. ಆದರೆ ಕೈಸೆಟ್ಟಿನ ದನಿ ಗುಡ್ಡ ದಾಟದು. ಅದಕ್ಕೆ ಎಲ್ಲರೂ ಸೇರಿ ಗಿರಣಿಯ ಚಿಮಣಿಯ ತುದಿಗೆ ಆಂಟೆನಾ ಕಟ್ಟಿ, ಬುಡದಲ್ಲೊಂದು ಪೆಟ್ಟಿಗೆ ಇಟ್ಟಿದ್ದರು. ಯಾರ ಸಣ್ಣ ದನಿ ಬಂದರೂ ಆ ಪೆಟ್ಟಿಗೆ ಎತ್ತಿಕೊಂಡು ಗುಡ್ಡದಾಚೆಗೆ ಒಗೆಯುತ್ತಿತ್ತು. ಪೆಟ್ಟಿಗೆ ಇದ್ದರೆ ಹತ್ತಾರು ಊರು ಒಂದು ಕಟ್ಟೆ. ಇಲ್ಲದಿದ್ದರೆ ಒಬ್ಬೊಬ್ಬನೂ ತನ್ನ ಮಾಳಿಗೆಯ ಮೇಲೆ ನಿಂತು ತನ್ನಷ್ಟಕ್ಕೆ ಒದರುವವನು.

ಇದೇ ಜನರಿಗೆ ಮೊಬೈಲಿನಲ್ಲೂ ಒಂದು ಗುಂಪು ಇತ್ತು, ಅದರ ಉಸ್ತುವಾರಿ ದಾನಕ್ಕನದು. ಅಲ್ಲೇ ರೋಗ. ಗಾಳಿಯಲ್ಲಿ ಗುರುಗಳಂತೆ ಇರುವವರು ಗುಂಪಿಗೆ ಬಂದರೆ ಗೂಳಿಗಳು. ಅಲ್ಲಿ ‘ಓವರ್’ ಅನ್ನುವವರಿಲ್ಲ, ಕಾಯುವವರಿಲ್ಲ.

ಎಲ್ಲರಿಗಿಂತ ಮುಂದೆ ಇಬ್ಬರು. ಒಬ್ಬರು ಗುಡಿಮನಿ ವಕೀಲರು. ಟಕ್ ಟಕ್ ಅಂತ ತಂತಿಯ ಭಾಷೆಯಲ್ಲಿ ಮಾತಾಡುವವರೇ ನಿಜವಾದ ರೇಡಿಯೋದವರು ಅಂತ ಅವರ ಸಿದ್ಧಾಂತ. ಇನ್ನೊಬ್ಬ ಮೋಟಾರು ವೈಂಡಿಂಗ್ ಮಾಡುವ ಮಾರುತಿ. ಕೈ ಬಂಗಾರ, ಬಾಯಿ ಗಟಾರ.

“ಸೆಟ್ ಹಿಡದವರೆಲ್ಲ ರೇಡಿಯೋದವರಾದರ, ಬಸ್ಸಿನಾಗ ಕುಂತವರೆಲ್ಲ ಡ್ರೈವರ್ ಆಗಬೇಕಾಗಿತ್ತು” ಅಂತ ವಕೀಲರು ಬರೆದರೆ, “ವಕೀಲರ ಟಕ್ ಟಕ್ ಕೇಳಿ ನಮ್ಮ ಓಣಿ ಮರಕುಟುಗ ಊರು ಬಿಟ್ಟು ಹೋತು” ಅಂತ ಮಾರುತಿ ಬರೆಯುತ್ತಿದ್ದ. ಅಲ್ಲಿಗೆ ನಿಂತಿದ್ದರೆ ನಗಬಹುದಿತ್ತು. ಅಲ್ಲಿಂದ ತಂದೆಗೆ ಹೋಗುತ್ತಿತ್ತು, ತಂದೆಯಿಂದ ತಾಯಿಗೆ, ತಾಯಿಯಿಂದ ಏಳು ತಲೆಮಾರಿಗೆ.

ಯಾವನೋ ಪುಣ್ಯಾತ್ಮ ಗಿರಣಿಯ ಮಾಲೀಕ ಮಹಾಂತಪ್ಪ ಸಾವ್ಕಾರರನ್ನೂ ಗೌರವಕ್ಕೆ ಅಂತ ಆ ಗುಂಪಿಗೆ ಸೇರಿಸಿಬಿಟ್ಟಿದ್ದ. ಸಾವ್ಕಾರರು ಒಂದು ಮುಂಜಾನೆ ಪೂಜೆ ಮುಗಿಸಿ ಮೊಬೈಲು ತೆಗೆದರು. ವಿಭೂತಿ ಇನ್ನೂ ಹಣೆಯ ಮೇಲೆ ಒದ್ದೆ ಇತ್ತು ಅಂತಾರೆ. ಓದಿದರು. ದಾನಕ್ಕನಿಗೆ ಬುಲಾವು ಹೋಯಿತು.

“ದಾನವ್ವ, ಇದೇನು ಗುಂಪೋ, ಸಂತ್ಯಾಗಿನ ಜಗಳೋ? ಇಂಥಾ ಬಾಯಿಗೆ ನನ್ನ ಚಿಮಣಿ ಯಾಕ?”

“ಬಾಯಿ ಮುಚ್ಚಸ್ತೀನ್ರಿ ಸಾವ್ಕಾರ್ರ.”

“ಬರೇ ಮುಚ್ಚಿಸಿದರ ಸಾಲದು. ಸತ್ತ ಗುಂಪಿಗೆ ಜಾಗ ಕೊಟ್ಟು ಏನು ಮಾಡ್ಲಿ? ಮ್ಯಾಲ ಕಾಗಿ ಕುಂದ್ರಾಕ? ದಿನಾ ಮಾತು ಇರಬೇಕು, ಮಾತಿನಾಗ ಮರ್ಯಾದಿ ಇರಬೇಕು. ವರ್ಷ ತುಂಬಿದ ದಿನ ನಾನೇ ಸೆಟ್ ಹಿಡದು ಕೇಳಾಂವ. ಎರಡರಾಗ ಒಂದು ತಪ್ಪಿದ್ರೂ ಚಿಮಣಿ ಖಾಲಿ.”

ದಾನಕ್ಕ ಒಪ್ಪಿದಳು. ದಲಾಲಿಯ ಬಂಡವಾಳ ನಾಲಗೆ. ಚಿಮಣಿ ಹೋದರೆ ಗುಂಪು ಹೋಗುತ್ತದೆ, ಅದು ಒಂದು ಮಾತು. ಆದರೆ ದಾನಕ್ಕ ಕೊಟ್ಟ ಮಾತು ಬಿತ್ತು ಅಂತ ಪೇಟೆಯಲ್ಲಿ ಒಮ್ಮೆ ಸುದ್ದಿ ಹಬ್ಬಿದರೆ, ಮರುದಿನದಿಂದ ಅವಳ ಅಂಗಡಿಯ ಮುಂದೆ ಯಾವ ರೈತನೂ ಗಾಡಿ ನಿಲ್ಲಿಸುವುದಿಲ್ಲ.

ಅವತ್ತಿನಿಂದ ದಾನಕ್ಕನ ಗೋಳು ಸುರುವಾಯಿತು. ಅವಳಿಗೆ ಏಳು ಮೊಬೈಲು ಇದ್ದವು, ಏಳರಲ್ಲೂ ಕಾವಲು ಕಾಯುತ್ತಿದ್ದಳು ಅಂತಾರೆ. ಸುಳ್ಳು. ಇದ್ದದ್ದು ಒಂದೇ, ಅದರ ಗಾಜೂ ಒಡೆದಿತ್ತು. ಒಲೆಗೆ ಮೆಣಸಿನಕಾಯಿ ಬಿದ್ದರೆ ಘಾಟು ಹೊಡೆಯುವಂತೆ, ಜಗಳ ಬರೆಯುವ ಮೊದಲೇ ಅವಳಿಗೆ ಕೆಮ್ಮು ಬರುತ್ತಿತ್ತು ಅಂತಾರೆ. ಇದು ಅರ್ಧ ನಿಜ. ಕೆಮ್ಮು ಧೂಳಿನದು.

ಬೈದವರ ಮಾತು ಅಳಿಸಿದಳು. ಮತ್ತೆ ಬೈದವರನ್ನು ಹೊರಗೆ ಹಾಕಿದಳು. ಹೊರಗೆ ಹಾಕಿದವರ ಪರವಾಗಿ ಜಗಳಕ್ಕೆ ಬಂದವರನ್ನೂ ಹಾಕಿದಳು. ಬೆಳಗಾದರೆ ಹೂವಿನ ಚಿತ್ರ ಹಾಕುವವರು ಬೇರೆ. ರೇಡಿಯೋದ ಗುಂಪಿಗೆ ದಾಸವಾಳ ಯಾಕೆ ಅಂದರೆ, ಹೂವಿಗೆ ಅವಮಾನ ಆಯಿತು ಅಂತ ಮುನಿಸಿಕೊಂಡು ಹೋದರು. ಹೋದವರು ಇನ್ನೊಂದು ಗುಂಪು ಮಾಡಿದರು. ಅಲ್ಲೂ ಜಗಳ ಆಯಿತು. ತೀರ್ಪಿಗೆ ಅಲ್ಲಿಂದಲೂ ದಾನಕ್ಕನ ಹತ್ತಿರವೇ ಬಂದರು.

ಹೀಗೆ ಬಿಗಿ ಮಾಡಿದ ಮೇಲೆ ಗುಂಪು ತಣ್ಣಗಾಯಿತು. ತಣ್ಣಗೆ ಅಂದರೆ ಹೆಣದ ತಣ್ಣಗೆ. ಮುಂಜಾನೆಯಿಂದ ಸಂಜೆ ತನಕ ಒಂದು ಅಕ್ಷರ ಇಲ್ಲ. ಕರಾರಿನ ಒಂದು ಕಾಲು ಗಟ್ಟಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಮುರಿಯಿತು.

“ಬಿಟ್ಟರ ಬಡದಾಡತೀರಿ, ಕಟ್ಟಿ ಹಾಕಿದರ ಮಲಗತೀರಿ. ನಿಮಗಿಂತ ದನಾ ಚಲೋ, ಮೇಯ್ಯೂ ಹೊತ್ತಿಗಾದರೂ ಬಾಯಿ ತೆಗಿತಾವು” ಅಂತ ದಾನಕ್ಕ ಗುಂಪಿನಲ್ಲಿ ಬರೆದಳು. ಆಮೇಲೆ ಒಂದು ಕಟ್ಟಳೆ ಮಾಡಿದಳು. ಯಾರ ದನಿ ಹೇಗೆ ಕೇಳಿಸಿತು ಅಂತ ದಿನಾ ಸಂಜೆ ಪ್ರತಿಯೊಬ್ಬರೂ ವರದಿ ಬರೆಯಬೇಕು. ರೇಡಿಯೋದವರಲ್ಲಿ ಇದಕ್ಕೆ ಅಂಕೆ ಉಂಟು. ಮಾತು ಪೂರ್ತಿ ತಿಳಿಯಿತು, ದನಿಯೂ ಜೋರಾಗಿತ್ತು ಅಂದರೆ ಐದು-ಒಂಬತ್ತು. ಅದಕ್ಕಿಂತ ಮೇಲಿಲ್ಲ.

ಆ ಜನರಿಗೆ ಹಳೆಯ ಚಾಳಿಯೊಂದಿತ್ತು. ಎದುರಿನವನಿಗೆ ಕಡಿಮೆ ಅಂಕ ಕೊಟ್ಟರೆ ಅವನ ಸೆಟ್ಟನ್ನು ಹಳಿದಂತೆ, ಸೆಟ್ಟನ್ನು ಹಳಿದರೆ ಮನೆತನವನ್ನು ಹಳಿದಂತೆ. ಹೀಗಾಗಿ ಗೊರ ಗೊರ ಅಂದರೂ ಐದು-ಒಂಬತ್ತು. “ನೀವು ಐದು-ಒಂಬತ್ತು ಬರ್ತಾ ಇದ್ದೀರಿ ಸರ, ನಿಮ್ಮ ಹೆಸರು ಕೇಳಸವಲ್ದು, ಮತ್ತೊಮ್ಮೆ ಹೇಳ್ರಿ” ಅನ್ನುವ ಪೈಕಿ. ಈಗ ದಾನಕ್ಕನ ಭಯವೂ ಸೇರಿತು. ಎಲ್ಲರೂ ಎಲ್ಲರಿಗೂ ಐದು-ಒಂಬತ್ತು. ವಕೀಲರಿಗೆ ಐದು-ಒಂಬತ್ತು, ಮಾರುತಿಗೆ ಐದು-ಒಂಬತ್ತು, ಊರಲ್ಲಿ ಇಲ್ಲದವನಿಗೂ ಐದು-ಒಂಬತ್ತು. ಗುಂಪು ದಿನಾ ತುಂಬಿತು. ಒಂದು ಕೆಟ್ಟ ಮಾತಿಲ್ಲ. ದಾನಕ್ಕ ಒಡೆದ ಗಾಜಿನ ಮೇಲೆ ಬೆರಳಾಡಿಸಿ, ಈ ವರ್ಷ ದಾಟಿಬಿಟ್ಟೆ ಅಂದುಕೊಂಡಳು.

ವರ್ಷ ತುಂಬಲು ಕೆಲವೇ ವಾರ ಉಳಿದಾಗ, ಒಂದು ರಾತ್ರಿಯ ಗಾಳಿ ಮಳೆಯ ಮರುದಿನ, ಮಾರುತಿ ಗುಂಪಿನಲ್ಲಿ ಏನೋ ಬರೆದ. ಮೊದಲ ಶಬ್ದವೇ ಬೈಗುಳ, ನೋಡಿದೊಡನೆ ದಾನಕ್ಕ ಅಳಿಸಿದಳು. ಎರಡನೆಯದು ಬಂತು, ಅದನ್ನೂ ಅಳಿಸಿ ಅವನನ್ನು ಹೊರಗೆ ಹಾಕಿದಳು. ಅಂಗಡಿಗೆ ಬಂದು ಬೀದಿಯಲ್ಲಿ ನಿಂತು ಒದರಿದ. “ಬಾಯಿ ತೊಳಕೊಂಡು ಬಾರಲೇ” ಅಂತ ಓಡಿಸಿದಳು.

ಸಾವ್ಕಾರರು ಕೇಳುವ ದಿನ ಬಂತು. ಸಂಜೆಗೆ ಅವರು ಸೆಟ್ಟು ಹಿಡಿಯುವವರು. ಮುಂಜಾನೆ ಮಾರುತಿ ಮತ್ತೆ ಬಂದ. ನೇರ ಅಂಗಡಿಯ ನಳದ ಹತ್ತಿರ ಹೋದ. ಹಮಾಲರೆಲ್ಲ ಚೀಲ ಇಳಿಸಿ ನೋಡುತ್ತಿದ್ದಂತೆ ಗಳ ಗಳ ಬಾಯಿ ಮುಕ್ಕಳಿಸಿ ಉಗುಳಿದ. ಟವಲಿನಿಂದ ತುಟಿ ಒರೆಸಿದ. ಗದ್ದುಗೆಯ ಮುಂದೆ ಬಂದು ಕೈ ಮುಗಿದ.

“ಅಕ್ಕಾರ, ತಮ್ಮ ಪೆಟ್ಟಿಗಿ ತೀರಿಕೊಂಡೈತ್ರಿ.”

“ಏನು?”

“ಶಿವನ ಪಾದ ಸೇರಿ ಭಾಳ ದಿನಾ ಆತ್ರಿ. ಆವತ್ತ ಗಾಳಿ ಮಳಿ ಆತಲ್ರಿ, ಆವತ್ತ. ಬರದೆ, ನೀವು ಅಳಿಸಿದ್ರಿ. ಬಂದೆ, ನೀವು ಓಡಿಸಿದ್ರಿ.”

ದಾನಕ್ಕ ಗದ್ದುಗೆಯ ಕೆಳಗಿನಿಂದ ಸೆಟ್ಟು ತೆಗೆದಳು. ಅದರ ಮೇಲೆ ಮೆಣಸಿನಕಾಯಿಯ ಕೆಂಪು ಧೂಳು ಬೆರಳು ಊರುವಷ್ಟು ಕೂತಿತ್ತು. ಕಾವಲು ಕಾಯುವ ಭರದಲ್ಲಿ ಅದನ್ನು ಹಚ್ಚಿಯೇ ಇರಲಿಲ್ಲ. ಹಚ್ಚಿದಳು, ಗುಂಡಿ ಒತ್ತಿದಳು, ಕರೆದಳು. ಚಿಮಣಿಯಿಂದ ಉಸಿರಿಲ್ಲ. ಮೊಬೈಲು ತೆಗೆದು ನೋಡಿದಳು. ನಿನ್ನೆ ಸಂಜೆಯ ವರದಿಗಳು ಸಾಲಾಗಿ ನಿಂತಿದ್ದವು. ಎಲ್ಲ ಐದು-ಒಂಬತ್ತು. ಮೊದಲನೆಯದು ಅವಳದೇ.

“ತಳಕ್ಕ ಕೈ ಹಾಕದ ಚೀಲ ತೂಗಿದ್ನಲ್ಲೋ” ಅಂದಳಂತೆ. ಇಷ್ಟು ಅಂದು ಚಪ್ಪಲಿ ಮೆಟ್ಟಿದಳು.

ಪೆಟ್ಟಿಗೆಯನ್ನು ಸದ್ದಿಲ್ಲದೆ ರಿಪೇರಿ ಮಾಡಿಸಿ ಸಂಜೆಗೆ ಕೇಳಿಸಬಹುದಿತ್ತು. ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೇಡು ತುದಿಯ ಆಂಟೆನಾದಲ್ಲಿದ್ದರೆ ಚಿಮಣಿ ಹತ್ತಬೇಕು, ಹತ್ತಲು ಸಾವ್ಕಾರರ ಅಪ್ಪಣೆ ಬೇಕು. ಅಪ್ಪಣೆ ಕೇಳಲು ಹೋಗಿ ಸುಳ್ಳು ಹೇಳಿದರೆ ಅದು ಎರಡನೆಯ ಕೆಟ್ಟ ಚೀಲ. ದಾನಕ್ಕ ಗಿರಣಿಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು. ದಿನಾ ಮಾತು ಇತ್ತು, ಮರ್ಯಾದಿಯೂ ಇತ್ತು, ಆದರೆ ಮಾತು ಸುಳ್ಳಿತ್ತು, ಕರಾರು ಮುರಿದಿದೆ ಅಂತ ಹೇಳಿದಳು. ರಿಪೇರಿ ಮಾಡಿ, ಆಮೇಲೆ ಆಂಟೆನಾವನ್ನು ಗೌರವದಿಂದ ಇಳಿಸಿಕೊಂಡು ಹೋಗಲು ಅವಕಾಶ ಕೊಡಿ ಅಂತ ಕೇಳಿದಳು. ಕೆಟ್ಟ ಸಾಮಾನು ಇಳಿಸಿಕೊಂಡು ಹೋದರು ಅನ್ನಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಸಾವ್ಕಾರರು ಹತ್ತಲಿ ಅಂತ ಕೈ ಮಾಡಿದರು.

ಹತ್ತಬಲ್ಲವನು ಮಾರುತಿ ಒಬ್ಬನೇ. ಕೆಳಗೆ ನಿಂತು ಆಂಟೆನಾ ಅಳೆಯುವ ಮೀಟರು ಇದ್ದದ್ದು ವಕೀಲರ ಹತ್ತಿರ ಮಾತ್ರ. ಅವರನ್ನು ಕೋರ್ಟಿನಿಂದ ಕರೆಸಿದ್ದಾಯಿತು. ಕರೀ ಕೋಟಿನಲ್ಲೇ ಬಂದರು. ಮಾರುತಿ ಸೊಂಟಕ್ಕೆ ಹಗ್ಗ ಬಿಗಿದು ಕಬ್ಬಿಣದ ಮೆಟ್ಟಿಲು ಹಿಡಿದು ಮೇಲೆ ಹೋದ. ಹಗ್ಗದ ಇನ್ನೊಂದು ತುದಿ ಹಮಾಲರ ಕೈಯಲ್ಲಿ. ಮಾರುತಿ, ವಕೀಲರು ಇಬ್ಬರ ಕೈಯಲ್ಲೂ ಸೆಟ್ಟು.

ಎತ್ತರದ ಕೆಲಸಕ್ಕೆ ರೇಡಿಯೋದವರಲ್ಲಿ ಒಂದು ಪದ್ಧತಿ ಇದೆ. ಕೆಳಗಿನವನು ಹೇಳಿದ್ದನ್ನು ಮೇಲಿನವನು ಮೊದಲು ತನ್ನ ಬಾಯಿಂದ ತಿರುಗಿಸಿ ಹೇಳಬೇಕು. ಕೆಳಗಿನವನು ‘ಸರಿ’ ಅಂದ ಮೇಲೇ ಕೆಲಸ, ಅಥವಾ ಮರುಮಾತು. ಮೇಲಿನವನು ಹೇಳಿದ್ದಕ್ಕೂ ಹಾಗೇ. ಜೀವದ ಪ್ರಶ್ನೆ, ಅದಕ್ಕೆ ಯಾರೂ ತಪ್ಪಿಸುವುದಿಲ್ಲ.

ದಾನಕ್ಕ ಬುಡದಲ್ಲಿ ನಿಂತು ಕೇಳುತ್ತಿದ್ದಳು. ಸಾವ್ಕಾರರೂ ಒಂದು ಸೆಟ್ಟು ಇಸಿದುಕೊಂಡು ಕಿವಿಗೆ ಹಿಡಿದಿದ್ದರು.

“ತಂತಿ ಜೋಡಣಿ ಬಿಚ್ಚು. ಓವರ್,” ಅಂತ ವಕೀಲರು ಸುರು ಮಾಡಿದರು.

“ತಂತಿ ಜೋಡಣಿ ಬಿಚ್ಚತೀನಿ.”

“ಸರಿ.”

“ಒಳಗ ನೀರು ಹೊಕ್ಕೈತ್ರಿ. ಓವರ್.”

“ಒಳಗ ನೀರು ಹೊಕ್ಕೈತಿ,” ಅಂದರು ವಕೀಲರು. ಮಾರುತಿ ಸರಿ ಅಂದ. ವಕೀಲರು ತಡೆಯಲಾರದೆ ಸೇರಿಸಿದರು: “ಆ ಜೋಡಣಿ ಕಟ್ಟಿದಾಂವ ನೀನು. ಬಿಗಿ ಮಾಡದ ಬಿಟ್ಟೀದಿ. ಓವರ್.”

ಈಗ ಬಂತು ನೋಡು ಅಂತ ದಾನಕ್ಕ ಕಣ್ಣು ಮುಚ್ಚಿದಳು. ಹಮಾಲರು ಹಗ್ಗ ಗಟ್ಟಿ ಹಿಡಿದರು. ಮಾರುತಿ ಬಾಯಿ ತೆಗೆದ. ಆದರೆ ಮೊದಲು ತಿರುಗಿಸಿ ಹೇಳಬೇಕಲ್ಲ.

“ಈ ಜೋಡಣಿ ಕಟ್ಟಿದಾಂವ ನಾನು. ಬಿಗಿ ಮಾಡದ... ಬಿಟ್ಟೀನಿ.”

ತನ್ನ ಬಾಯಿಂದಲೇ ಹೇಳಿದ ಮೇಲೆ ಬೈಯಲು ಏನು ಉಳಿಯಿತು? ವಕೀಲರು ‘ಸರಿ’ ಅಂದ ಮೇಲೆ ಅಂದ: “ಹೌದ್ರಿ, ನನ್ನ ತಪ್ಪ. ಆದರ ವಕೀಲರ, ಹೆಣಕ್ಕ ದಿನಾ ಐದು-ಒಂಬತ್ತು ಕೊಟ್ಟಾವರು ನೀವು. ಓವರ್.”

ವಕೀಲರ ಮುಖ ಕೆಂಪಾಯಿತು. ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು. ಪದ್ಧತಿ ಪದ್ಧತಿಯೇ.

“ಹೆಣಕ್ಕ ದಿನಾ ಐದು-ಒಂಬತ್ತು ಕೊಟ್ಟಾಂವ... ನಾನು.”

“ಸರಿ!” ಅಂದ ಮಾರುತಿ ಮೇಲಿನಿಂದ. ಹಮಾಲರು ನಕ್ಕ ನಗೆಗೆ ಹಗ್ಗ ಅಲುಗಾಡಿತು ಅಂತಾರೆ. ಸಾವ್ಕಾರರು ಒಳಗಿನಿಂದ ಕುರ್ಚಿ ತರಿಸಿ ಹಾಕಿಕೊಂಡು ಕೂತರು. ಜೋಡಣೆ ಬಿಗಿಯಾಗಿ ಪೆಟ್ಟಿಗೆ ಉಸಿರು ಬಿಡುವ ತನಕ ಏಳಲಿಲ್ಲ.

ಮಾರುತಿ ಇಳಿದು ಬಂದ ಮೇಲೆ ದಾನಕ್ಕ ಕೇಳಿದಳು: “ಯಾವಾಗ ಖಾಲಿ ಮಾಡ್ಲಿರಿ?”

“ತಿಂಗಳುಗಟ್ಟಲೆ ಆ ಐದು-ಒಂಬತ್ತು ಓದಿದೆ, ದಾನವ್ವ. ಒಂದು ದಿನಾನೂ ಸೆಟ್ ಹಚ್ಚಬೇಕು ಅನಿಸಲಿಲ್ಲ. ಇವತ್ತ ಊಟಕ್ಕ ಕರದ್ರೂ ಏಳಲಿಲ್ಲ,” ಅಂದರು ಸಾವ್ಕಾರರು. ಹಳೆ ಕರಾರು ಮುರಿದದ್ದು ಮುರಿದದ್ದೇ, ಅದರಲ್ಲಿ ರಿಯಾಯಿತಿ ಇಲ್ಲ ಅಂತಲೂ ಅಂದರು. ಹೊಸದೊಂದು ಹೇಳಿದರು: ಗುಂಪಿನಲ್ಲಿ ದಿನಕ್ಕೆ ಒಂದಾದರೂ ನಿಜವಾದ ದೂರು ಬರಬೇಕು, ಯಾರ ಮೇಲೆ ದೂರು ಬಂತೋ ಅವರು ಮೊದಲು ಅದನ್ನು ತಿರುಗಿಸಿ ಹೇಳಿ, ಎದುರಿನವರಿಂದ ‘ಸರಿ’ ಅನ್ನಿಸಿಕೊಂಡು, ಆಮೇಲೆ ಉತ್ತರ ಕೊಡಬೇಕು. ದೂರು ನಿಂತ ದಿನ ಚಿಮಣಿ ಖಾಲಿ.

“ಬೈದರ?”

“ಬೈದದ್ದನ್ನೂ ತಿರುಗಿಸಿ ಹೇಳಲಿ. ಬೈದಾಂವ ಅದಕ್ಕ ಎಲ್ಲಾರ ಎದುರಿಗೆ ‘ಸರಿ’ ಅನಬೇಕಲ್ಲ. ಅಂತಾನೇನು ನೋಡೂಣು.”

ಇದನ್ನು ಕೇಳಿ ಬಹಳ ಜನ ಗುಂಪು ಬಿಟ್ಟರು. ಇಷ್ಟು ಕಷ್ಟಪಟ್ಟು ಯಾರು ಜಗಳ ಆಡುತ್ತಾರೆ ಅಂದರು. ಉಳಿದವರು ದಾನಕ್ಕನಿಗೆ ನೆಮ್ಮದಿ ಕೊಟ್ಟರು ಅಂತ ತಿಳಿಯಬೇಡಿ. ತಿರುಗಿಸಿ ಹೇಳಿದ್ದು ಪೂರ್ತಿ ಇಲ್ಲ, ಒಂದು ಶಬ್ದ ಬಿಟ್ಟಿದ್ದಾನೆ, ಸರಿ ಅನ್ನಲು ಬೇಕಂತಲೇ ತಡ ಮಾಡುತ್ತಾನೆ ಅಂತ ದಿನಾ ತಕರಾರು. ಕೊನೆಗಾಲದ ತನಕ ಅವಳು ಆ ಒಡೆದ ಮೊಬೈಲನ್ನು ಬೈಯುತ್ತಲೇ ಇದ್ದಳು, ಹರಾಜಿನ ನಡುವೆಯೂ ಬೈಯುತ್ತಿದ್ದಳು ಅಂತಾರೆ. ಇದು ಪೂರ್ತಿ ನಿಜ.

ಈಗಲೂ ಆ ಸೀಮೆಯಲ್ಲಿ ಹೊಸಬನೊಬ್ಬ ಮೊದಲ ಸಲ ಗಾಳಿಗೆ ಬಂದರೆ ಅವನನ್ನು ಹೊಗಳುವುದಿಲ್ಲ. ಅವನ ದನಿಯಲ್ಲಿ ಏನು ಕೊರತೆ ಅಂತ ಹುಡುಕಿ ಒಂದನ್ನು ಹೇಳುತ್ತಾರೆ. ಅವನು ಅದನ್ನು ತನ್ನ ಬಾಯಿಂದ ತಿರುಗಿಸಿ ಹೇಳುತ್ತಾನೆ. ಹತ್ತಾರು ಊರುಗಳಿಂದ ಒಬ್ಬೊಬ್ಬರಾಗಿ ‘ಸರಿ’ ಅನ್ನುತ್ತಾರೆ. ಮಾಡಿದವರು ಸಾವ್ಕಾರರಾದರೂ ಅದಕ್ಕೆ ದಾನಕ್ಕನ ಕಟ್ಟಳೆ ಅಂತಲೇ ಹೆಸರು.

ಹೋದದ್ದು, ಮುಕ್ಕಾಲು ಗುಂಪು ಮತ್ತು ಎಲ್ಲ ದಾಸವಾಳ. ಉಳಿದದ್ದು, ಚಿಮಣಿಯ ತುದಿ, ನೀರು ಹೊಗದ ಒಂದು ಜೋಡಣೆ, ಸಾಯುವ ತನಕ ಒಬ್ಬರ ಮನೆಗೆ ಒಬ್ಬರು ಊಟಕ್ಕೆ ಹೋಗದಿದ್ದರೂ ಆ ಚಿಮಣಿಯ ಕೆಲಸವನ್ನು ಪ್ರತಿ ಮಳೆಗಾಲದ ಮುಂದೆ ಕೂಡಿ ಮಾಡಿದ ಇಬ್ಬರು ಗಂಡಸರು, ಮತ್ತು ಕರಾರು ಮುರಿದರೂ ಪೇಟೆಯಲ್ಲಿ ಬೀಳದೆ ನಿಂತ ದಾನಕ್ಕನ ಮಾತು.