ತಳಕ್ಕಿಳಿದ ಏಡಿಮರಿಗಳು

"ಗುರುಗಳೇ, ಇಷ್ಟು ದೊಡ್ಡ ಹರಿವಿನ ಎದುರು ಒಂದು ಸಣ್ಣ ಜೀವದ ಈಜಿಗೆ ಏನು ಬೆಲೆ?" ಎಂದು ಬೊಮ್ಮಯ್ಯನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಈಜು ಅಂದರೆ ಹರಿವಿಗೆ ಎದುರಾಗಿ ಕೈಕಾಲು ಬಡಿಯುವುದು ಅಂದುಕೊಂಡಿದ್ದೀಯಲ್ಲ, ನಿನ್ನ ಗ್ರಹಚಾರ! ಕೂತುಕೋ, ಹೇಳುತ್ತೇನೆ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಬ್ಬ ಬೆಸ್ತ ಹೆಂಡತಿಯೊಂದಿಗೆ ಏಡಿ ಹಿಡಿದು ಬದುಕುತ್ತಿದ್ದ. ಹಿಡಿದೂ ಹಿಡಿದೂ ಏಡಿಗಳು ಮುಗಿಯುತ್ತ ಬಂದವು. ಒಂದು ವರ್ಷ ತಿಂಗಳಿಡೀ ಬಲೆ ಹಾಕಿದರೂ ಸಿಕ್ಕಿದ್ದು ಒಂದೇ ಹೆಣ್ಣೇಡಿ. ಅದರ ಹೊಟ್ಟೆಯ ಕೆಳಗೆ ಮೊಟ್ಟೆ ತುಂಬಿತ್ತು. ಮನೆಯಲ್ಲಿ ಒಲೆ ಹತ್ತದೆ ಎರಡು ದಿನವಾಗಿತ್ತು. ಆದರೂ ಗಂಡಹೆಂಡಿರು ಅದನ್ನು ತಿನ್ನಲಿಲ್ಲ. ಅಳಿವೆಯ ನೀರು ತುಂಬಿದ ಬಾನಿಯಲ್ಲಿ ಇಟ್ಟುಕೊಂಡರು. ಇದರ ಮರಿ ಉಳಿದರೆ ಹೊಳೆಗೆ ಮತ್ತೆ ಏಡಿ ಬರುತ್ತದೆ, ಇಲ್ಲದಿದ್ದರೆ ನಮ್ಮ ಕತೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ಮೊಟ್ಟೆ ಒಡೆದು ಸಾವಿರಾರು ಮರಿ ಬಂದವು. ತಾಯೇಡಿ ಸತ್ತಿತು. ಮರಿಗಳು ರವೆಯ ಕಾಳಿಗಿಂತ ಸಣ್ಣವು. ಬಾನಿಯಲ್ಲಿದ್ದರೂ ಕಡಲ ಉಬ್ಬರದ ಹೊತ್ತಿಗೆ ಮೇಲೆ ಬಂದು ಆಡುತ್ತಿದ್ದವು. ಇಳಿತದ ಹೊತ್ತಿಗೆ ಎಲ್ಲವೂ ಬಾನಿಯ ತಳ ಸೇರುತ್ತಿದ್ದವು. ಅದನ್ನು ಕಂಡು ಬೆಸ್ತ ಗಾಬರಿಯಾದ. ಬಲೆ ಮುಳುಗಿದರೆ ಬೆಂಡು ಕಟ್ಟಿ ತೇಲಿಸಿದ ಕೈ ಅದು. ಮುಳುಗಿದ್ದು ಹಾಳಾಯಿತು ಎಂದೇ ಅವನ ಎಣಿಕೆ.

'ಇವು ಸಾಯುತ್ತಿವೆ ಕಣೇ' ಎಂದ.

'ಅಯ್ಯೋ, ಇಲ್ಲ. ನಾನು ನೋಡುತ್ತಲೇ ಇದ್ದೇನೆ. ಇಳಿತದಲ್ಲಿ ಕೆಳಗೆ ಹೋಗುತ್ತವೆ, ಉಬ್ಬರದಲ್ಲಿ ತಾವೇ ಮೇಲೆ ಬರುತ್ತವೆ. ನಿಮ್ಮ ದಮ್ಮಯ್ಯ, ಅವುಗಳ ಪಾಡಿಗೆ ಬಿಡಿ' ಎಂದಳು ಹೆಂಡತಿ.

'ಸುಮ್ಮನಿರೇ, ನೀರಿನ ವಿಷಯ ನನಗೆ ಹೇಳಿಕೊಡಬೇಡ' ಎಂದ ಮಹಾನುಭಾವ.

ಹರಿಯುವ ನೀರು ಸಿಕ್ಕರೆ ಚೇತರಿಸಿಕೊಳ್ಳುತ್ತವೆ ಎಂದುಕೊಂಡ. ಮರಿಗಳನ್ನು ತೆಳು ಬಟ್ಟೆಯ ಚೀಲಕ್ಕೆ ತುಂಬಿ, ತಳಕ್ಕೆ ಹೋಗದಂತೆ ಸುತ್ತಲೂ ಬೆಂಡು ಕಟ್ಟಿ, ಇಳಿತದ ಹೊತ್ತಿಗೇ ದೋಣಿಯಲ್ಲಿ ಒಯ್ದು ಅಳಿವೆಯ ಬಾಯಲ್ಲಿ ಬಿಚ್ಚಿದ. ಮೇಲಿನ ನೀರು ಕಡಲ ಕಡೆಗೆ ಓಡುತ್ತಿತ್ತು. ಮರಿಗಳು ತಳ ಮುಟ್ಟುವುದರೊಳಗೆ ನಡುಗಡಲಿನ ಪಾಲಾದವು.

ಬಾನಿಯ ತಳದಲ್ಲಿ ಹತ್ತಿಪ್ಪತ್ತು ಮರಿ ಉಳಿದಿದ್ದವು. ಹೆಂಡತಿ ಅವನನ್ನು ಎಳೆದು ತಂದು ಕೂರಿಸಿ ತೋರಿಸಿದಳು. ಉಬ್ಬರ ಶುರುವಾದದ್ದೇ ತಡ, ಅವು ಒಂದೊಂದಾಗಿ ಮೇಲೆದ್ದವು. ಹೊರಹೋಗುವ ನೀರಿಗೆ ಸಿಗದೆ ಕೆಳಗೆ ಅಡಗುವುದು, ಒಳಬರುವ ನೀರು ಬಂದಾಗ ಅದನ್ನೇರುವುದು, ಹುಟ್ಟಿದ ಹೊಳೆಯಲ್ಲಿ ಉಳಿಯುವುದು. ಅವಕ್ಕೆ ಬರುತ್ತಿದ್ದ ಈಜು ಅಷ್ಟೇ. ಅಷ್ಟೇ ಸಾಕಾಗಿತ್ತು ಕೂಡ. ಬೆಸ್ತ ತಲೆ ಚಚ್ಚಿಕೊಂಡು ಅತ್ತ. ಅವನ್ನಾದರೂ ಆ ಉಬ್ಬರದ ನೀರಿಗೆ ಜೋಪಾನವಾಗಿ ಬಿಟ್ಟರು. ಆದರೆ ಸಾವಿರದಲ್ಲಿ ಒಂದು ಬದುಕುವ ಜಾತಿ, ಹತ್ತಿಪ್ಪತ್ತು ಎಲ್ಲಿಗೆ ಸಾಲಬೇಕು? ಆಮೇಲೆ ಆ ಹೊಳೆಯಲ್ಲಿ ಯಾರೂ ಏಡಿ ಕಂಡಿಲ್ಲ."

ಬೊಮ್ಮಯ್ಯ, "ಹೋಗಲಿ ಬಿಡಿ, ಕೊನೆಗಾದರೂ ಅವನಿಗೆ ತಿಳಿಯಿತಲ್ಲ" ಎಂದ.

ಗುರುಗಳೆಂದರು: "ತಿಳಿದದ್ದು ಅವನಿಗೆ ಕಣಯ್ಯ, ಸತ್ತದ್ದು ಅವು."