ಮುಳ್ಳಿನ ಮೊನೆ ಯಾವ ಕಡೆಗೆ

"ಕೇಳಿರಿ! ಕಗ್ಗಲ್ಲು ಕೋಟೆಯ ದೊರೆ ಮಲ್ಲರಸರ ಅಪ್ಪಣೆ! ದೊರೆಗಳು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನು ಕೇಳಿದ್ದನ್ನು ಕೊಡುತ್ತಾರೆ. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ!"

ಡಂಗುರ ಕೇಳಿ ಊರು ಹಲ್ಲು ಕಡಿಯಿತು. ದೊರೆ ತನ್ನ ಬೇಟೆಗೆಂದು ಕೆರೆಯ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದ. ನೀರಿಲ್ಲದೆ ಕುರಿಗಳು ಸಾಯುತ್ತಿದ್ದವು. ಬೇಲಿ ಕಿತ್ತ ಕುರಿಗಾಹಿ ಸಿರಿಯಣ್ಣನಿಗೆ ರಾಜ್ಯಕಂಟಕ ಎಂಬ ಹೆಸರಿಟ್ಟು ಸೆರೆಗೆ ತಳ್ಳಿದ್ದ. ಅವನ ತಲೆಯೂ ಅದೇ ಸಂಜೆ ಉರುಳಬೇಕಿತ್ತು.

ಸಭೆ ಬೇಲಿಯ ಪಕ್ಕದಲ್ಲೇ ನೆರೆಯಿತು. ದೊರೆ ಮೊದಲ ಒಗಟು ಕೇಳಿದ. "ಕೇಡು ಮಾಡುವವನನ್ನು ಕಂಟಕ ಅನ್ನುತ್ತೇವೆ. ಆ ಮಾತು ಹುಟ್ಟಿದ್ದೆಲ್ಲಿ?"

ಪಾಳೆಯಗಾರನ ಮಗ ಕೆಂಚನಾಯಕ ಮೀಸೆ ತಿರುವಿದ. "ಶತ್ರುವಿನ ಕತ್ತಿಯಲ್ಲಿ."

"ಎಳೆಯಿರಿ ಇವನನ್ನು!"

ನೆರೆರಾಜ್ಯದ ಕುಮಾರ ಚಂದ್ರವರ್ಮ ಮುಂದೆ ಬಂದ. "ಕಂಠದಲ್ಲಿ, ಪ್ರಭು. ಗಂಟಲಿಗೆ ಸಿಕ್ಕಿಕೊಳ್ಳುವುದೇ ಕಂಟಕ."

"ಇವನನ್ನೂ!"

ಆಮೇಲೆ ಯಾರೂ ಏಳಲಿಲ್ಲ. ಕೊನೆಗೆ ಕಂಬಳಿ ಹೊದ್ದ ಹುಡುಗನೊಬ್ಬ ಎದ್ದ. ಸಿರಿಯಣ್ಣನ ಮಗ ಜುಂಜ.

"ಮುಳ್ಳಿನಲ್ಲಿ, ಬುದ್ಧಿ. ಎಲೆಯ ಮೇಲೂ ಮುಳ್ಳಿರುವ ನೆಲಗುಳ್ಳದ ಗಿಡವನ್ನು ವೈದ್ಯರು ಕಂಟಕಾರಿ ಅಂತಾರೆ. ಕಿತ್ತು ತಂದುಕೊಡುವವನು ನಾನು. ಕಂಟಕ ಅಂದರೆ ಮುಳ್ಳು ಅಂತ ಅವರೇ ಹೇಳಿದರು. ಕಾಲಿಗೆ ಚುಚ್ಚಿ ನಡಿಗೆ ನಿಲ್ಲಿಸುತ್ತದಲ್ಲ, ಅದಕ್ಕೇ ಅಡ್ಡಿಗೆಲ್ಲ ಆ ಹೆಸರು."

ದೊರೆಯ ಮುಖ ಗಂಟಾಯಿತು. "ಕಾಲಿದ್ದವರನ್ನು ತಡೆಯುತ್ತದೆ, ತನಗೆ ಕಾಲಿಲ್ಲ. ಹಗಲಿರುಳು ಕಾಯುತ್ತದೆ, ಕೂಲಿ ಕೇಳುವುದಿಲ್ಲ. ಏನದು?"

"ನಿಮ್ಮ ಬೆನ್ನ ಹಿಂದೆ ಇದೆ. ಬೇಲಿ."

ಜನ ನಕ್ಕರು. ದೊರೆ ಗುಡುಗಿದ. "ಹಾಗಾದರೆ ನನ್ನ ರಾಜ್ಯದ ಕಂಟಕ ಯಾರು?"

ಅವನಿಗೆ ಬೇಕಿದ್ದ ಉತ್ತರ ಎಲ್ಲರಿಗೂ ಗೊತ್ತಿತ್ತು. ಅಪ್ಪನ ಹೆಸರನ್ನು ಮಗನ ಬಾಯಿಂದಲೇ ಹೇಳಿಸಬೇಕು. ಇಲ್ಲವೇ ಇಬ್ಬರ ತಲೆಯನ್ನೂ ತೆಗೆಸಬೇಕು.

ಜುಂಜನ ದನಿ ಏರಿತು. ಸಿಟ್ಟಿಗೆ. "ಕುರಿ ಕೂಡುವ ರೊಪ್ಪಕ್ಕೆ ಬೇಲಿ ಕಟ್ಟಿದರೆ ನಮ್ಮಲ್ಲೊಂದು ಕಟ್ಟಳೆ ಇದೆ. ಕಟ್ಟಿದವನೇ ಮೊದಲು ಕುರಿಯ ಕಡೆಯಿಂದ ಬರಿಗಾಲಲ್ಲಿ ಸುತ್ತು ಹಾಕಬೇಕು. ಆಮೇಲೇ ಮರಿಗಳನ್ನು ಬಿಡುವುದು. ನೀವು ಸುತ್ತಿದ್ದೀರಾ?"

"ನನಗೆ ಅಂಜಿಕೆಯೇನೋ, ಕುರಿ ಕಾಯುವವನೇ?" ದೊರೆ ಜೋಡು ಕಳಚಿ ಎಸೆದ. ಊರಿನ ಕಡೆಯಿಂದ ದಾಪುಗಾಲು ಹಾಕಿದ; ಜುಂಜನೂ ಕಾವಲಿನವರೂ ಹಿಂದೆಯೇ ನಡೆದರು. ಸ್ವಲ್ಪ ದೂರ ಹೋಗಿ ದೊರೆ ಮುಳ್ಳು ತುಳಿದು ಕಿರುಚಿದ. ಒಂಟಿಕಾಲಲ್ಲಿ ನಿಂತು ಕೈಗೆ ಸಿಕ್ಕ ಹೆಗಲು ಹಿಡಿದ. ಅದು ಜುಂಜನ ಹೆಗಲು.

"ಕೀಳೋ! ಬೇಗ ಕೀಳೋ!"

ಜುಂಜ ಕಾಲು ಹಿಡಿದ. ಕೀಳಲಿಲ್ಲ. "ರೊಪ್ಪದ ಮುಳ್ಳಿನ ಮೊನೆ ತೋಳದ ಕಡೆಗಿರುತ್ತದೆ. ನೀವು ಊರಿನ ಕಡೆಗಿಟ್ಟಿರಿ. ಇದು ಕಂಟಕ ಅಲ್ಲ ಅನ್ನಿ. ಹಾಗೇ ಬಿಟ್ಟು ಹೋಗುತ್ತೇನೆ."

"ಹೌದು ಮಾರಾಯ, ಕಂಟಕವೇ!"

"ಹಾಕಿಸಿದವರು ಯಾರು?"

ಕಾವಲಿನವರೂ ದೊರೆಯ ಬಾಯಿ ನೋಡುತ್ತಿದ್ದರು. ಯಾರ ಕಾಲಲ್ಲೂ ಜೋಡಿರಲಿಲ್ಲ. ಅವರ ಮನೆಗಳಲ್ಲೂ ಕುರಿಗಳಿದ್ದವು.

"ನಾನು," ಎಂದ ದೊರೆ.

ಮುಳ್ಳು ಹೊರಬಂತು. ಬೆರಳುದ್ದ ಇತ್ತು.

"ಏನು ಬೇಕು, ಕೇಳು," ಎಂದ ದೊರೆ, ನೆಲ ನೋಡುತ್ತ. "ಅರ್ಧ ರಾಜ್ಯವೇ?"

"ಅದನ್ನು ನೀವೇ ಇಟ್ಟುಕೊಳ್ಳಿ. ಸೆರೆಯಲ್ಲಿರುವವರನ್ನೆಲ್ಲ ಬಿಡಿ. ಬೇಲಿ ಸುಡಿ."

ಬೇಲಿ ಸಂಜೆಯೊಳಗೆ ಬೂದಿಯಾಯಿತು. ಕೆಂಚನಾಯಕನೂ ಚಂದ್ರವರ್ಮನೂ ತಿರುಗಿ ನೋಡದೆ ಓಡಿದರು. ಸಿರಿಯಣ್ಣ ನಿಧಾನವಾಗಿ ಹೊರಬಂದು ಮಗನನ್ನು ದುರುಗುಟ್ಟಿ ನೋಡಿದ.

"ಇಷ್ಟು ಹೊತ್ತೂ ಇಲ್ಲಿ ಮಾತಾಡ್ತಾ ನಿಂತಿದ್ದೇನೋ? ಕುರಿಗಳು ಬಾಯಿ ಬಿಡ್ತಾ ಇದಾವೆ. ಹೊಡಿ ಕೆರೆಗೆ!"