ಏಳನೆಯ ಗುಣ

"ಗುರುಗಳೇ, ಒಂದು ಲೋಕದಲ್ಲಿ ಗುಣವೂ ಇದೆ, ದೋಷವೂ ಇದೆ. ಎರಡನ್ನೂ ಪಟ್ಟಿ ಮಾಡಿದ್ದೇನೆ. ಆದರೂ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುತ್ತಿಲ್ಲ. ಹೇಗೆ ತೂಗಲಿ?" ಎಂದು ಶಿಷ್ಯ ಕೇಳಿದ.

ಅವನು ಹೇಳುತ್ತಿದ್ದುದು ಕಂಪ್ಯೂಟರಿನ ಪರದೆಯೊಳಗಿನ ಲೋಕವನ್ನು. ಶಿಷ್ಯ ಒಂದು ವಾರಪತ್ರಿಕೆಗೆ ಹೊಸ ಆಟಗಳ ವಿಮರ್ಶೆ ಬರೆಯುತ್ತಿದ್ದ. ಅವನಿಗೆ ಬರೆಯಲು ಕಲಿಸಿದವರು ಈ ಗುರುಗಳೇ. ಆದ್ದರಿಂದ ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ಅವರ ಮುಂದೆ ಓದುವುದು ಅವನ ರೂಢಿ.

ಗುರುಗಳು ಅಂಥ ಆಟವನ್ನು ಎಂದೂ ಆಡಿದವರಲ್ಲ. ಹಾಗಾಗಿ ಶಿಷ್ಯ ಮೊದಲು ಅದನ್ನು ಬಿಡಿಸಿ ಹೇಳಿದ. ಆಡುವವನು ಅಲ್ಲಿ ಒಬ್ಬ ಸವಾರನಾಗುತ್ತಾನೆ. ರಕ್ಕಸರೂ ಮಂತ್ರವಾದಿಗಳೂ ಕೋಟೆಗಳೂ ಇರುವ ದೊಡ್ಡ ನಾಡೊಂದು ಅವನ ಮುಂದೆ ತೆರೆದುಕೊಳ್ಳುತ್ತದೆ. ಇಂಥ ದಾರಿಯಲ್ಲೇ ಹೋಗಬೇಕೆಂಬ ಕಟ್ಟಳೆಯಿಲ್ಲ. ಎದುರಾದವರೆಲ್ಲ ಒಂದೊಂದು ಕೆಲಸ ಹೇಳುತ್ತಾರೆ. ಮಾಡಿಕೊಟ್ಟರೆ ಸವಾರನ ಬಲ ಹೆಚ್ಚುತ್ತದೆ. ಅವುಗಳಲ್ಲಿ ಒಂದು ಕೆಲಸ ಮುಖ್ಯವಾದದ್ದು. ಅದು ಮುಗಿದರೆ ಆಟದ ಕತೆ ಮುಗಿದಂತೆ.

ಅಷ್ಟು ಹೇಳುವಾಗ ಚಾಪೆಯ ಮೇಲಿದ್ದ ಫೋನು ಮೊಳಗಿತು. ಶಿಷ್ಯ ನೋಡಿ ಅದನ್ನು ಮಗುಚಿ ಇಟ್ಟ.

"ಯಾರಪ್ಪಾ?" ಎಂದರು ಗುರು.

"ತಂಗಿ, ಗುರುಗಳೇ. ಮಂದಾ. ಗಂಡನ ಮನೆಯಿಂದ."

"ಏನಂತೆ?"

"ಅದೇ. ಅಣ್ಣಾ, ಬಂದು ಕರ್ಕೊಂಡು ಹೋಗು ಅಂತ. ಅವನು ಕೈ ಮಾಡ್ತಾನಂತೆ. ಆರು ತಿಂಗಳಿಂದ ಅದೊಂದೇ ಮಾತು. ಹೋಗ್ತೀನಿ ಅಂತ ಮಾತು ಕೊಟ್ಟಿದ್ದೀನಿ, ಹೋಗೋನೇ. ಇದೊಂದು ಬರೆದು ಮುಗಿಸಿಬಿಡ್ತೀನಿ. ಅವಳು ಎಲ್ಲಿಗೆ ಹೋಗ್ತಾಳೆ?"

ಗುರು ಮಗುಚಿ ಇಟ್ಟ ಫೋನಿನ ಕಡೆ ನೋಡಿದರು. ಆಮೇಲೆ "ಓದು" ಎಂದರು.

ಶಿಷ್ಯ ಓದಿದ. ಗುಣಗಳು ಎಂಟಿದ್ದವು. ಕಣ್ಣಿಗೆ ಕಂಡ ಬೆಟ್ಟವನ್ನೆಲ್ಲ ಹತ್ತಬಹುದು ಎಂಬುದು ಮೊದಲನೆಯದು. ಮಾಡಿದ ಯಾವ ಕೆಲಸವೂ ವ್ಯರ್ಥವಾಗುವುದಿಲ್ಲ, ಸೋತರೆ ಮತ್ತೆ ಎದ್ದು ಆಡಬಹುದು, ಹೀಗೆ ಸಾಗಿತು. ಏಳನೆಯದು ಇಷ್ಟೇ: "ಅವಸರವಿಲ್ಲ. ಕರೆದವರು ಎಷ್ಟು ದಿನವಾದರೂ ಕಾಯುತ್ತಾರೆ." ದೋಷಗಳು ಕಡಿಮೆ. ಕುದುರೆ ಆಗಾಗ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಊರಿನ ಜನ ಎಷ್ಟು ಸಲ ಮಾತಾಡಿಸಿದರೂ ಒಂದೇ ಮಾತು ಹೇಳಿ ಬೇಸರ ತರಿಸುತ್ತಾರೆ.

"ಕಾಯುತ್ತಾರೆ ಅಂದರೆ?" ಎಂದರು ಗುರು.

"ಒಬ್ಬ ಕುಂಬಾರನ ಮಗಳನ್ನು ರಕ್ಕಸ ಎಳೆದೊಯ್ದಿರುತ್ತಾನೆ. ಅವಳನ್ನು ಬಿಡಿಸುವುದೇ ಮುಖ್ಯವಾದ ಕೆಲಸ. ಸಂಜೆಗೆ ಅವಳನ್ನು ಕೊಲ್ಲುತ್ತಾನೆ ಅನ್ನುತ್ತಾರೆ. ಆದರೆ ನಾವು ಹೋಗುವ ತನಕ ಆ ಸಂಜೆ ಆಗುವುದೇ ಇಲ್ಲ. ಆಡುವವರಿಗೆ ಅನುಕೂಲ."

"ಆ ಕುಂಬಾರನ ವಿಷಯ ನಿನ್ನ ಪಟ್ಟಿಯಲ್ಲಿ ಇಲ್ಲ. ನಾನು ಹೇಳುತ್ತೇನೆ, ಕೇಳು" ಎಂದು ಗುರು ಕತೆ ಶುರುಮಾಡಿದರು.

ಒಂದು ನಾಡಿನಲ್ಲಿ ಒಬ್ಬ ಕುಂಬಾರನಿದ್ದ. ಆ ನಾಡನ್ನು ಕಟ್ಟಿದವನು ದೊಡ್ಡ ಶಿಲ್ಪಿ. ಬೆಟ್ಟ, ಹೊಳೆ, ಕಾಡು ಯಾವುದರಲ್ಲೂ ಅವನು ಜಿಪುಣತನ ಮಾಡಿರಲಿಲ್ಲ. ಒಂದು ಹುಲ್ಲಿನ ಎಸಳಿಗೂ ನೆರಳು ಕೊಟ್ಟಿದ್ದ. ಆದರೆ ಅಲ್ಲಿನ ಜನರಿಗೆ ಮಾತನ್ನು ಮಾತ್ರ ಅಳೆದು ಕೊಟ್ಟಿದ್ದ. ಕುಂಬಾರನ ಪಾಲಿಗೆ ಬಂದದ್ದು ಮೂರು ಮಾತು.

ಮೊದಲನೆಯದು ಹೊಸಬರಿಗೆ ಹೇಳುವುದು: "ಅಯ್ಯಾ, ನನ್ನ ಮಗಳನ್ನು ರಕ್ಕಸ ಎಳೆದೊಯ್ದ. ಹೊತ್ತು ಮುಳುಗುವ ಮೊದಲು ಬಿಡಿಸಿ ತಾ." ಎರಡನೆಯದು, ಒಪ್ಪಿಕೊಂಡು ಇನ್ನೂ ಹೋಗದವರಿಗೆ ಹೇಳುವುದು: "ಬೇಗ ಹೋಗಯ್ಯಾ." ಮೂರನೆಯದು, ಮಗಳು ಬಂದರೆ ಹೇಳುವುದು: "ಬಂದೆಯಾ ಮಗಳೇ, ಕೈಕಾಲು ತೊಳೆದುಕೋ." ಈ ಮೂರನೆಯದನ್ನು ಅವನು ಒಮ್ಮೆಯೂ ಆಡಿರಲಿಲ್ಲ. ಅದು ಅವನ ಗಂಟಲಲ್ಲೇ ಇತ್ತು.

ತಂದೆಯಾದವನು ತಾನೇ ಏಕೆ ಹೋಗಲಿಲ್ಲ ಎಂದು ಕೇಳಬಹುದು. ತಿಗರಿಯಿಂದ ಹತ್ತು ಹೆಜ್ಜೆಯ ಆಚೆ ನಡೆಯುವ ಶಕ್ತಿಯನ್ನು ಶಿಲ್ಪಿ ಅವನಿಗೆ ಕೊಟ್ಟಿರಲಿಲ್ಲ. ಆದ್ದರಿಂದ ಅವನು ತಿಗರಿ ತಿರುಗಿಸುತ್ತ ಕೂತಿದ್ದ. ಅದರ ಮೇಲೆ ಇದ್ದದ್ದು ಒಂದೇ ಮಡಕೆ. ಬಾಯಿ ಮೂಡುವ ಹೊತ್ತಿಗೆ ಅದು ಕುಸಿಯುತ್ತಿತ್ತು. ಅವನು ಮತ್ತೆ ಮೊದಲಿನಿಂದ ಎತ್ತುತ್ತಿದ್ದ.

ಅವನು ಕೂತಲ್ಲಿಂದ ಎದುರಿನ ಬೆಟ್ಟದ ಗುಹೆ ಕಾಣುತ್ತಿತ್ತು. ಮಗಳು ಅದರೊಳಗೆ ಇದ್ದಳು. ಅಲ್ಲಿ ರಕ್ಕಸ ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ. ಆ ಸದ್ದು ಇಳಿಜಾರಿನಲ್ಲಿ ಇಳಿದು ಕುಂಬಾರನ ಮನೆಯ ತನಕ ಬರುತ್ತಿತ್ತು. ಇಷ್ಟು ದೂರದಲ್ಲಿ ಕೂತ ತನಗೇ ಇದು ಕೇಳುವುದಾದರೆ, ಪಕ್ಕದಲ್ಲೇ ಕೂತವಳಿಗೆ ಎಷ್ಟು ಕೇಳುತ್ತಿರಬೇಕು ಎಂದು ಅವನು ಯೋಚಿಸುತ್ತಿದ್ದ. ಬೇರೆ ಯೋಚನೆ ಅವನಿಗೆ ಇರಲಿಲ್ಲ.

ಒಂದು ದಿನ ಒಬ್ಬ ಸವಾರ ಬಂದ. ಹರಿದ ಅಂಗಿ, ಕೈಯಲ್ಲಿ ಒಂದು ದೊಣ್ಣೆ. ಕುಂಬಾರ ಮೊದಲನೆಯ ಮಾತನ್ನು ಹೇಳಿದ. ಸವಾರನ ಕಣ್ಣು ಒದ್ದೆಯಾಯಿತು. "ಇದೋ ಹೊರಟೆ, ತಾತ" ಎಂದು ಕುದುರೆ ಹತ್ತಿದ. ಅವನು ಸುಳ್ಳುಗಾರನಲ್ಲ. ಆ ಕ್ಷಣದಲ್ಲಿ ಅವನು ನಿಜವಾಗಿಯೂ ಹೊರಟಿದ್ದ.

ಅರ್ಧ ದಾರಿಯಲ್ಲಿ ಅವನಿಗೆ ಒಂದು ಹಳೆಯ ಬುರುಜು ಕಂಡಿತು. ಅದರಲ್ಲಿ ಏನಿದೆಯೋ ನೋಡೋಣ ಎಂದು ಹೋದ. ಬುರುಜಿನ ಮೇಲಿಂದ ಒಂದು ಹಳ್ಳಿ ಕಂಡಿತು. ಆ ಹಳ್ಳಿಯಲ್ಲಿ ಒಬ್ಬ ವಿಧವೆಯ ಮೇಕೆ ಕಳೆದುಹೋಗಿತ್ತು. ಹುಡುಕಿಕೊಟ್ಟ. ಮುಂದಿನ ಊರಿನಲ್ಲಿ ತೋಳದ ಕಾಟವಿತ್ತು. ತೋಳವನ್ನು ಕೊಂದ. ಅವನು ಮಾಡಿದ ಕೆಲಸಗಳಲ್ಲಿ ಕೆಟ್ಟದ್ದು ಒಂದೂ ಇರಲಿಲ್ಲ. ಇದನ್ನು ಮರೆಯಬಾರದು.

ಸವಾರ ಎರಡನೆಯ ಸಲ ಆ ದಾರಿಯಲ್ಲಿ ಬಂದಾಗ ಅವನ ಕೈಯಲ್ಲಿ ಕಬ್ಬಿಣದ ಕತ್ತಿಯಿತ್ತು.

"ಬೇಗ ಹೋಗಯ್ಯಾ" ಎಂದ ಕುಂಬಾರ.

"ಈ ಕತ್ತಿ ರಕ್ಕಸನಿಗೆ ಸಾಲದು ತಾತ. ಇನ್ನಷ್ಟು ಬಲ ಬರಲಿ" ಎಂದ ಸವಾರ.

ಕುಂಬಾರನಿಗೆ ಅದು ಸರಿಯೆನಿಸಿತು. ಬಲವಿಲ್ಲದೆ ಹೋಗಿ ಅವನೂ ಸತ್ತರೆ ಮಗಳನ್ನು ಬಿಡಿಸುವವರು ಯಾರು? ಅವನು ಮಡಕೆಯನ್ನು ಮತ್ತೆ ಎತ್ತತೊಡಗಿದ.

ಮೂರನೆಯ ಸಲ ಬಂದಾಗ ಸವಾರನ ಮೈಮೇಲೆ ಚಿನ್ನದ ಕವಚವಿತ್ತು. ಕತ್ತಿಯಿಂದ ಬೆಂಕಿ ಏಳುತ್ತಿತ್ತು. ಅಂಥ ಹತ್ತು ರಕ್ಕಸರನ್ನು ಅವನು ಒಂದೇ ಏಟಿಗೆ ಕೆಡವಬಲ್ಲವನಾಗಿದ್ದ. ಕುಂಬಾರನ ಎದೆ ಹಗುರಾಯಿತು.

"ಬೇಗ ಹೋಗಯ್ಯಾ."

ಸವಾರ ನಕ್ಕುಬಿಟ್ಟ. "ನಿನಗೆ ಬೇರೆ ಮಾತೇ ಬರೋದಿಲ್ಲವಾ ತಾತ? ಸಾಕಿದ ಗಿಳಿಯಾದರೂ ನಾಲ್ಕು ಮಾತು ಕಲಿಯುತ್ತದೆ. ನಿನ್ನ ಮಗಳು ಸಾಯೋದಿಲ್ಲ, ಸುಮ್ಮನಿರು. ನಾನು ಅಲ್ಲಿ ಕಾಲಿಡುವ ತನಕ ಹೊತ್ತು ಮುಳುಗೋದಿಲ್ಲ, ಇಲ್ಲಿನ ಕಟ್ಟಳೆಯೇ ಹಾಗೆ. ಅದೊಂದು ಮುಗಿದರೆ ನನಗೆ ಎಲ್ಲ ಮುಗಿದ ಹಾಗೆ. ಅದಕ್ಕೇ ಕೊನೆಗೆ ಅಂತ ಇಟ್ಟುಕೊಂಡಿದ್ದೇನೆ, ಎಲೆಯ ತುದಿಯಲ್ಲಿ ಹೋಳಿಗೆ ಇಟ್ಟುಕೊಂಡ ಹಾಗೆ."

ಕುಂಬಾರನಿಗೆ ಹೇಳಬೇಕೆನಿಸಿತು: ಅವಳು ಸಾಯುವುದಿಲ್ಲ, ನಿಜ. ಆದರೆ ಈಗ ಸಾಯುತ್ತೇನೆ, ಈಗ ಸಾಯುತ್ತೇನೆ ಎಂದುಕೊಂಡು ಕೂತಿದ್ದಾಳಲ್ಲ, ಅದನ್ನು ನಿಲ್ಲಿಸುವ ಕಟ್ಟಳೆ ಯಾವುದು? ಆದರೆ ಈ ಮಾತನ್ನು ಶಿಲ್ಪಿ ಅವನಿಗೆ ಕೊಟ್ಟಿರಲಿಲ್ಲ. ಬಾಯಿ ತೆರೆದರೆ ಬಂದದ್ದು ಅದೇ.

"ಬೇಗ ಹೋಗಯ್ಯಾ."

ಸವಾರ ಬೆಟ್ಟದ ಕಡೆಗೇ ಹೋದ.

ಕುಂಬಾರ ಕಣ್ಣು ಮಿಟುಕಿಸದೆ ನೋಡಿದ. ಇಳಿಜಾರಿನಲ್ಲಿ ಚಿನ್ನದ ಕವಚ ಹೊಳೆಯುತ್ತ ಹತ್ತಿತು. ಗುಹೆಯ ಬಾಯಿಗೆ ತಲುಪಿತು. ಮಸೆಯುವ ಸದ್ದು ನಿಂತಿತು. ಅದು ನಿಂತದ್ದನ್ನು ಅವನು ಹಿಂದೆ ಎಂದೂ ಕೇಳಿರಲಿಲ್ಲ. ಅವನು ತಿಗರಿ ಬಿಟ್ಟು ಎದ್ದ. ಮಡಕೆ ಕುಸಿಯಿತು, ಅವನು ತಿರುಗಿ ನೋಡಲಿಲ್ಲ. ಹತ್ತು ಹೆಜ್ಜೆ ನಡೆದು ನಿಂತ. ಗಂಟಲಲ್ಲಿದ್ದ ಮೂರನೆಯ ಮಾತು ಹಲ್ಲಿನ ತನಕ ಬಂತು.

ಗುಹೆಯ ಬಾಯಲ್ಲಿ ಅಣಬೆ ಎದ್ದಿದ್ದವು. ಯಾವುದೋ ಊರಿನ ವೈದ್ಯನೊಬ್ಬ ಸವಾರನಿಗೆ ಅಂಥ ಅಣಬೆ ತಂದುಕೊಡಲು ಹೇಳಿದ್ದ. ಸವಾರ ಬಗ್ಗಿ ಅವನ್ನು ಕಿತ್ತುಕೊಂಡ. ಒಳಗೆ ಹುಡುಗಿ ತಲೆಯೆತ್ತಿ ಅವನನ್ನು ನೋಡಿದಳು. ಅವನೂ ಅವಳನ್ನು ನೋಡಿದ. ಜಾಗವನ್ನು ಗುರುತಿಟ್ಟುಕೊಂಡು ಬೆಟ್ಟ ಇಳಿದು ಹೋದ.

ಮಸೆಯುವ ಸದ್ದು ಮತ್ತೆ ಶುರುವಾಯಿತು.

ಕುಂಬಾರ ಹತ್ತು ಹೆಜ್ಜೆ ಹಿಂದಕ್ಕೆ ನಡೆದು, ತಿಗರಿಯ ಮುಂದೆ ಕೂತು, ಮಣ್ಣಿಗೆ ಕೈಹಾಕಿದ. ಮೂರನೆಯ ಮಾತನ್ನು ನುಂಗಿಕೊಂಡ. ಆ ಸವಾರ ಮತ್ತೆ ಆ ದಾರಿಯಲ್ಲಿ ಬರಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಅವರು ಕತೆ ಹೇಳುವಾಗ ಫೋನು ಮತ್ತೆ ಮೂರು ಸಲ ಮೊಳಗಿತ್ತು. ಈಗ ಸುಮ್ಮನಿತ್ತು. ಅದು ಯಾವಾಗ ಸುಮ್ಮನಾಯಿತು ಎಂಬುದನ್ನು ಶಿಷ್ಯ ಗಮನಿಸಿರಲಿಲ್ಲ.

"ಸವಾರ ಎಲ್ಲಿಗೆ ಹೋದ, ಗುರುಗಳೇ?"

"ಆ ನಾಡಿನ ಗುಣದೋಷ ಬರೆಯಲು ಕೂತ."

ಶಿಷ್ಯನಿಗೆ ನಗು ಬಂತು, ಸ್ವಲ್ಪ ಮುಜುಗರವೂ ಆಯಿತು. "ಆದರೆ ಅದು ಆಟ, ಗುರುಗಳೇ. ಅಲ್ಲಿ ನಿಜವಾದ ಮಗಳೂ ಇಲ್ಲ, ನಿಜವಾದ ಕತ್ತಿಯೂ ಇಲ್ಲ. ದಿನವಿಡೀ ದುಡಿದು ಬಂದವನು ಒಂದು ಗಂಟೆ ತನ್ನಿಷ್ಟಕ್ಕೆ ಅಲೆದಾಡಲಿ ಅಂತ ಮಾಡಿದ್ದು. ಅವಸರವಿದ್ದರೆ ಅವನು ಬೆಟ್ಟ ಹತ್ತುವುದು ಯಾವಾಗ? ಅಲ್ಲಿ ಎಲ್ಲರೂ ಕಾಯುವುದರಿಂದಲೇ ಆ ಲೋಕ ಚೆಂದ. ನಾನು ಅದನ್ನು ಗುಣ ಅಂತ ಬರೆದದ್ದು ತಪ್ಪೇ?"

"ತಪ್ಪಲ್ಲ. ಅಲ್ಲಿ ಅದು ಗುಣವೇ" ಎಂದರು ಗುರು. ಅವರು ಕೈಚಾಚಿ, ಮಗುಚಿ ಇಟ್ಟಿದ್ದ ಫೋನನ್ನು ನೆಟ್ಟಗೆ ತಿರುಗಿಸಿ ಅವನ ಮುಂದೆ ಸರಿಸಿದರು.

"ಆ ಏಳನೆಯ ಗುಣವನ್ನು ಈಗ ಮಂದಾಗೆ ಓದಿ ಹೇಳು."